ಗಾಳಿಯಲ್ಲಿ ನಿಂತ ಕೈ

ನನ್ನ ಸೋದರಮಾವ ಸಂಗೀತ ಕೇಳುವಾಗ ಅವರ ಮುಖ ನೋಡಬೇಕಾಗಿಲ್ಲ. ಬಲಗೈ ನೋಡಿದರೆ ಸಾಕು. ಅದು ತೊಡೆಯ ಮೇಲೆ ತಾಳ ಹಾಕುತ್ತಲೇ ಇರುತ್ತದೆ. ರಾಮನವಮಿ ಬಂತು ಅಂದರೆ ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದ ಕಚೇರಿಗಳನ್ನು ಅವರು ತಪ್ಪಿಸುವುದಿಲ್ಲ. ಚಪ್ಪಾಳೆ ತಟ್ಟುವುದು ಅಪರೂಪ. ತೀರಾ ಇಷ್ಟವಾದರೆ ನಾಲಿಗೆಯಲ್ಲಿ ಒಮ್ಮೆ ಲೊಚ್ ಅಂತಾರೆ, ಅಷ್ಟೇ. ಆ ಲೊಚ್‌ಗೆ ನಮ್ಮ ಮನೆಯಲ್ಲಿ ತುಂಬಾ ಬೆಲೆ.

ಒಂದು ಭಾನುವಾರ ಮಧ್ಯಾಹ್ನ ಊಟ ಆದಮೇಲೆ ಅವರಿಗೆ ನಾನು ಅಮೆರಿಕದ ಜಾಝ್ ಟ್ರಂಪೆಟ್ ವಾದಕ ಲೂಯಿ ಆರ್ಮ್‌ಸ್ಟ್ರಾಂಗ್ ಅವರ ‘ವೆಸ್ಟ್ ಎಂಡ್ ಬ್ಲೂಸ್’ ಕೇಳಿಸಿದೆ. "ಮಾವ, ಮೂರೇ ನಿಮಿಷ, ಕೇಳಿ" ಅಂದೆ. ಏನು, ಎತ್ತ ಅಂತ ಹೇಳಲಿಲ್ಲ. ಮೊದಲು ಬರುವುದು ಟ್ರಂಪೆಟ್ ಒಂದೇ. ಜೊತೆಗೆ ಯಾರೂ ಇಲ್ಲ, ಡ್ರಮ್ ಇಲ್ಲ, ಪಿಯಾನೋ ಇಲ್ಲ. ನಾಲ್ಕು ಸ್ವರ ಗಟ್ಟಿಯಾಗಿ ಹೆಜ್ಜೆ ಇಟ್ಟ ಹಾಗೆ ಬರುತ್ತವೆ. ಆಮೇಲೆ ಒಂದೇ ಉಸಿರಿಗೆ ಎಂಬಂತೆ ಮೇಲಕ್ಕೆ ಹತ್ತಿ, ಅಲ್ಲಿಂದ ಉರುಳಿಕೊಂಡು ಕೆಳಗೆ ಬರುತ್ತದೆ. ಎಲ್ಲ ಸೇರಿ ಹನ್ನೆರಡು ಹದಿಮೂರು ಸೆಕೆಂಡ್.

ಮಾವನ ಕೈ ತಾಳ ಹಿಡಿಯಲು ಮೇಲೆದ್ದಿತು. ಮೊದಲ ನಾಲ್ಕು ಸ್ವರಕ್ಕೆ ಸಿಕ್ಕಿತು ಅನ್ನುವಷ್ಟರಲ್ಲಿ ತಾಳ ತಪ್ಪಿಸಿಕೊಂಡು ಹೋಯಿತು. ಕೈ ಗಾಳಿಯಲ್ಲೇ ನಿಂತುಬಿಟ್ಟಿತು. ತೊಡೆಗೂ ಎದೆಗೂ ನಡುವೆ, ಬೆರಳು ಅರ್ಧ ಬಿಚ್ಚಿಕೊಂಡು. ಉಳಿದ ವಾದ್ಯಗಳು ಒಳಗೆ ಬಂದು ನಿಧಾನದ ನಡೆ ಶುರುವಾದ ಮೇಲಷ್ಟೇ ಅದು ಕೆಳಗಿಳಿದದ್ದು.

"ಏನೋ ಇದು?" ಅಂದರು. "ಆಲಾಪನೆ ಥರ ಇದೆಯಲ್ಲೋ."

ಆ ಕೈಯನ್ನು ನೋಡಿದ ಮೇಲೆ ನನಗೆ ಆ ಹಾಡಿಗಿಂತ ಅದನ್ನು ಕೇಳಿದವರ ಮೇಲೆ ಕುತೂಹಲ ಜಾಸ್ತಿಯಾಯಿತು. ಸುಮಾರು ನೂರು ವರ್ಷದಿಂದ ಜನ ಈ ಮನುಷ್ಯನ ಟ್ರಂಪೆಟ್ ಕೇಳುತ್ತಿದ್ದಾರೆ. ಕೇಳಿದವರಿಗೆ ಏನಾಯಿತು? ಅವರೆಲ್ಲ ಏನು ಮಾಡಿದರು?

ಮೊದಲು ಧ್ವನಿಮುದ್ರಣದ ವಿಷಯ ಹೇಳಿಬಿಡುತ್ತೇನೆ. 1928ರ ಜೂನ್ 28, ಶಿಕಾಗೊ. ಆರ್ಮ್‌ಸ್ಟ್ರಾಂಗ್‌ಗೆ ಆಗ 26 ವರ್ಷ. ಹಾಡು ಅವರದ್ದಲ್ಲ, ಅವರ ಗುರುಸಮಾನರಾದ ಕಿಂಗ್ ಆಲಿವರ್ ಅವರದ್ದು. ನ್ಯೂ ಆರ್ಲಿಯನ್ಸ್‌ನಲ್ಲಿ ಕೆರೆಯ ದಡದ ಒಂದು ವಿಹಾರದ ಜಾಗಕ್ಕೆ ವೆಸ್ಟ್ ಎಂಡ್ ಅಂತ ಹೆಸರು, ಅದೇ ಹಾಡಿಗೂ ಬಂತು. ಆಲಿವರ್ ಅದನ್ನು ಅದೇ ತಿಂಗಳು ತಮ್ಮ ತಂಡದ ಜೊತೆ ರೆಕಾರ್ಡ್ ಮಾಡಿದ್ದರು. ಅದು ಚೆನ್ನಾಗಿಯೇ ಇದೆ. ಆದರೆ ಆ ಆರಂಭ ಅದರಲ್ಲಿಲ್ಲ. ಆ ಹನ್ನೆರಡು ಸೆಕೆಂಡ್ ಶಿಷ್ಯ ತಂದು ಸೇರಿಸಿದ್ದು.

ಈ ರೆಕಾರ್ಡ್‌ನ ಮೊದಲ ಕೇಳುಗರು ಅದನ್ನು ನುಡಿಸಿದವರೇ. ಪಿಯಾನೋ ನುಡಿಸಿದ ಅರ್ಲ್ ಹೈನ್ಸ್ ಆಮೇಲೆ ನೆನಪಿಸಿಕೊಂಡಿದ್ದಾರೆ. ರೆಕಾರ್ಡ್ ಹೊರಗೆ ಬಂದಾಗ ಅವರು ಮತ್ತು ಆರ್ಮ್‌ಸ್ಟ್ರಾಂಗ್ ಇಬ್ಬರೂ ಒಂದೂವರೆ ಎರಡು ಗಂಟೆ ಅದನ್ನೇ ಮತ್ತೆ ಮತ್ತೆ ಹಾಕಿಕೊಂಡು ಕೇಳಿದರಂತೆ. ಇಷ್ಟು ಚೆನ್ನಾಗಿ ಬರುತ್ತದೆ ಅಂತ ಅವರೇ ಅಂದುಕೊಂಡಿರಲಿಲ್ಲ. ನನಗೆ ಈ ಚಿತ್ರ ತುಂಬಾ ಇಷ್ಟ. ಇಬ್ಬರು ಯುವಕರು, ಒಂದು ಗ್ರಾಮಫೋನು, ತಾವೇ ಮಾಡಿದ್ದನ್ನು ಯಾರೋ ಬೇರೆಯವರು ಮಾಡಿದ್ದೇನೋ ಎಂಬಂತೆ ಬೆರಗಾಗಿ ಕೇಳುವುದು. ಅದರಲ್ಲಿ ಜಂಬ ಕಾಣುವುದಿಲ್ಲ. ಒಳ್ಳೆಯದು ಕೈಯಿಂದ ಆಚೆ ಹೋದ ಮೇಲೆ ಮಾಡಿದವನೂ ಬರೀ ಕೇಳುಗನೇ.

ಅದೇ ಹೊತ್ತಿಗೆ ಬಾಲ್ಟಿಮೋರ್‌ನಲ್ಲಿ ಹದಿಮೂರರ ಆಸುಪಾಸಿನ ಒಬ್ಬ ಹುಡುಗಿ ಇದ್ದಳು. ಒಂದು ವೇಶ್ಯಾಗೃಹದವರಿಗೆ ಅಂಗಡಿಗೆ ಹೋಗಿಬರುವುದು, ಚಿಕ್ಕಪುಟ್ಟ ಕೆಲಸ ಮಾಡಿಕೊಡುವುದು. ಕೂಲಿಯಾಗಿ ಅವಳು ಕೇಳುತ್ತಿದ್ದದ್ದು ಮುಂದಿನ ಕೋಣೆಯಲ್ಲಿ ಕೂತು ಗ್ರಾಮಫೋನ್ ಕೇಳುವ ಅವಕಾಶ. ಅಲ್ಲಿ ಅವಳಿಗೆ ‘ವೆಸ್ಟ್ ಎಂಡ್ ಬ್ಲೂಸ್’ ಸಿಕ್ಕಿತು. ಅದರ ನಡುವೆ ಆರ್ಮ್‌ಸ್ಟ್ರಾಂಗ್ ಟ್ರಂಪೆಟ್ ಕೆಳಗಿಟ್ಟು ಪದವೇ ಇಲ್ಲದೆ ಹಾಡುತ್ತಾರೆ. ಕ್ಲಾರಿನೆಟ್ ಒಂದು ಸಾಲು ಹೇಳುತ್ತದೆ, ಇವರು ವಾ ವಾ ಅಂತ ಮೆಲ್ಲಗೆ ಉತ್ತರ ಕೊಡುತ್ತಾರೆ. ಪದ ಇಲ್ಲದೆ ಯಾರಾದರೂ ಹಾಡಿದ್ದನ್ನು ತಾನು ಕೇಳಿದ್ದು ಅದೇ ಮೊದಲು ಅಂತ ಆಕೆ ದೊಡ್ಡವಳಾದ ಮೇಲೆ ಹೇಳಿಕೊಂಡಳು. ಒಮ್ಮೊಮ್ಮೆ ಆ ರೆಕಾರ್ಡ್ ಕೇಳಿ ಅಳು ಬಂದುಬಿಡುತ್ತಿತ್ತು, ಒಮ್ಮೊಮ್ಮೆ ಅದೇ ರೆಕಾರ್ಡ್‌ನಿಂದ ಖುಷಿಯೂ ಆಗುತ್ತಿತ್ತು. ಆ ಹುಡುಗಿ ಮುಂದೆ ದೊಡ್ಡ ಜಾಝ್ ಗಾಯಕಿಯಾದ ಬಿಲ್ಲಿ ಹಾಲಿಡೇ. ಬ್ಲೂಸ್ ಗಾಯಕಿ ಬೆಸ್ಸಿ ಸ್ಮಿತ್ ಅವರ ದೊಡ್ಡ ದನಿ, ಲೂಯಿ ಆರ್ಮ್‌ಸ್ಟ್ರಾಂಗ್ ಅವರ ಭಾವ, ಎರಡೂ ತನಗೆ ಬೇಕಿತ್ತು ಅನ್ನುತ್ತಿದ್ದರು.

ಎಷ್ಟು ಎತ್ತರದ ಸ್ವರ, ಎಷ್ಟು ವೇಗ, ಬೆರಳು ಹೇಗೆ ಓಡಿತು, ಇದ್ಯಾವುದೂ ಆ ಹುಡುಗಿಯ ಮಾತಿನಲ್ಲಿ ಇಲ್ಲ ನೋಡಿ. ಅವಳಿಗೆ ಕೇಳಿಸಿದ್ದು ಒಬ್ಬ ಮನುಷ್ಯ.

ಉಳಿದವರೆಲ್ಲ ಹಾಗಿರಲಿಲ್ಲ. ಎಣಿಸುವವರು ಬೇಕಾದಷ್ಟು ಜನ ಇದ್ದರು. 1930ರ ಆಸುಪಾಸಿನಲ್ಲಿ ಆರ್ಮ್‌ಸ್ಟ್ರಾಂಗ್ ಕೆಲವು ಹಾಡುಗಳ ಕೊನೆಗೆ ಮೇಲಿನ ಸಿ ಸ್ವರವನ್ನು ಒಂದರ ಹಿಂದೊಂದು ನೂರಕ್ಕೂ ಹೆಚ್ಚು ಸಲ ನುಡಿಸುತ್ತಿದ್ದರು. ತಂಡದವರು ಜೋರಾಗಿ ಲೆಕ್ಕ ಹೇಳುತ್ತಿದ್ದರು. ಆಮೇಲೆ ಇನ್ನೂ ಮೇಲಿನ ಎಫ್‌ಗೆ ಹಾರಿ ಮುಗಿಸುವುದು. ಜನಕ್ಕೆ ಹುಚ್ಚು ಹಿಡಿಯುತ್ತಿತ್ತು. ನಾನು ಅದನ್ನು ಹೀಗಳೆಯುವುದಿಲ್ಲ. ಕೊಡೆ ಹಿಡಿದು ಹಗ್ಗದ ಮೇಲೆ ನಡೆಯುವವರನ್ನು ನೋಡಿ ಉಸಿರು ಬಿಗಿಹಿಡಿಯುವುದು ಸಹಜ ತಾನೇ? ಆದರೆ ಎಣಿಸುವ ಕಿವಿಗೆ ಬೇರೆಯದೇನೂ ಕೇಳಿಸುವುದಿಲ್ಲ. ಇದು ನನಗೆ ನಮ್ಮ ಕಚೇರಿಗಳಲ್ಲಿ ಮೃದಂಗದವರು ತಾವೇ ನುಡಿಸುವ ತನಿ ಆವರ್ತನದ ಹೊತ್ತಿನಲ್ಲೂ ಅನ್ನಿಸಿದೆ.

ಟ್ರಂಪೆಟ್ ವಾದಕ ರಾಯ್ ಎಲ್ಡ್ರಿಜ್ ಹೇಳಿದ ಮಾತು ಇಲ್ಲಿ ನೆನಪಾಗುತ್ತದೆ. ಎಲ್ಡ್ರಿಜ್ ಆಗ ಚಿಕ್ಕ ವಯಸ್ಸಿನವರು. ಸ್ಯಾಕ್ಸೋಫೋನ್‌ನವರ ಓಟವನ್ನು ಟ್ರಂಪೆಟ್ಟಿಗೆ ತಂದಿದ್ದ ಚುರುಕು ಹುಡುಗ, ವೇಗವೇ ಅವರ ಬಂಡವಾಳ. 1932ರಲ್ಲಿ ನ್ಯೂಯಾರ್ಕಿನ ಲಫಾಯೆಟ್ ಥಿಯೇಟರ್‌ನಲ್ಲಿ ಆರ್ಮ್‌ಸ್ಟ್ರಾಂಗ್ ನುಡಿಸುವುದನ್ನು ಕೇಳಲು ಹೋದರು. ಮೊದಲ ಆಟಕ್ಕೆ ಅವರಿಗೆ ಅಂಥದ್ದೇನೂ ಅನ್ನಿಸಲಿಲ್ಲವಂತೆ. ಎರಡನೆಯದಕ್ಕೂ ಕೂತರು. ಈ ಸಲ ಒಂದು ಸುತ್ತಿನ ಮೇಲೆ ಇನ್ನೊಂದು ಸುತ್ತು, ಹೊಸ ಪುಸ್ತಕ ಒಂದೊಂದೇ ಹಾಳೆ ತೆರೆದ ಹಾಗೆ ಕಟ್ಟುತ್ತಾ ಹೋಗಿ, ಕೊನೆಯ ಸ್ವರ ಮುಟ್ಟುವಾಗ ಥಿಯೇಟರ್ ಪೂರ್ತಿ ಎದ್ದು ನಿಂತಿತ್ತು. ತಾನೂ ನಿಂತಿದ್ದೆ ಅಂತ ಎಲ್ಡ್ರಿಜ್ ಹೇಳುತ್ತಾರೆ. ಕೊನೆಯ ಸ್ವರ ಎತ್ತರದ್ದೇ. ಆದರೆ ಅವರನ್ನು ಎಬ್ಬಿಸಿದ್ದು ಬರೀ ಎತ್ತರವಲ್ಲ, ಅಲ್ಲಿಗೆ ಕರೆದುಕೊಂಡು ಹೋದ ದಾರಿ. ನಾನೂ ಎಷ್ಟೋ ಸಲ ಮೊದಲ ಆಟಕ್ಕೇ ಎದ್ದು ಬಂದಿದ್ದೇನೆ. ಏನೇನು ಕಳೆದುಕೊಂಡೆನೋ.

ಈ ವಾದ್ಯದ ಬಗ್ಗೆ ಒಂದೆರಡು ಮಾತು ಹೇಳಲೇಬೇಕು. ಟ್ರಂಪೆಟ್‌ಗೆ ಇರುವುದು ಮೂರೇ ಗುಂಡಿ. ಕೊಳಲಿಗೆ ಇರುವ ಹಾಗೆ ಸಾಲು ತೂತಿಲ್ಲ, ಹಾರ್ಮೋನಿಯಂಗೆ ಇರುವ ಹಾಗೆ ಸ್ವರಕ್ಕೊಂದು ಮನೆಯಿಲ್ಲ. ಗುಂಡಿ ಹೇಗಿದೆಯೋ ಹಾಗೇ ಇದ್ದರೂ ಐದಾರು ಬೇರೆ ಬೇರೆ ಸ್ವರ ಬರುತ್ತವೆ. ಯಾವುದು ಬರಬೇಕು ಅಂತ ತೀರ್ಮಾನಿಸುವುದು ತುಟಿ ಮತ್ತು ಉಸಿರು. ಮೇಲೆ ಹೋದಷ್ಟೂ ಸ್ವರಗಳು ಹತ್ತಿರ ಹತ್ತಿರ ಕೂತಿರುತ್ತವೆ. ಕೂದಲೆಳೆಯಷ್ಟು ತಪ್ಪಿದರೆ ಪಕ್ಕದ ಸ್ವರ ಒಡೆದುಕೊಂಡು ಬರುತ್ತದೆ, ಊರಿಗೆಲ್ಲ ಕೇಳಿಸುತ್ತದೆ. ಇದರ ಬೆಲೆ ತೆರುವುದು ತುಟಿಯೇ. 1933ರಲ್ಲಿ ಲಂಡನ್‌ನಲ್ಲಿ ನುಡಿಸುತ್ತಿದ್ದಾಗ ಆರ್ಮ್‌ಸ್ಟ್ರಾಂಗ್ ಅವರ ತುಟಿ ಸೀಳಿಹೋಯಿತು. ಮುಂದಿನ ವರ್ಷ ಪ್ಯಾರಿಸ್‌ನಲ್ಲಿ ತಿಂಗಳುಗಟ್ಟಲೆ ವಿಶ್ರಾಂತಿ ಬೇಕಾಯಿತು. ಊದುವವರ ತುಟಿಯ ಸ್ನಾಯು ಹರಿಯುವ ತೊಂದರೆಗೆ ವೈದ್ಯರು ಆಮೇಲೆ ಅವರ ಅಡ್ಡಹೆಸರನ್ನೇ ಇಟ್ಟರು, ಸ್ಯಾಚ್ಮೋ ಸಿಂಡ್ರೋಮ್ ಅಂತ.

ನಾನು ಆ ತುಟಿಯನ್ನು ಒಮ್ಮೆ ಹತ್ತಿರದಿಂದ ನೋಡಿದ್ದೇನೆ. ಆರ್ಮ್‌ಸ್ಟ್ರಾಂಗ್ ಅವರದ್ದಲ್ಲ. ನಮ್ಮ ನೆಂಟರ ಮದುವೆಗೆ ಬಂದಿದ್ದ ಬ್ಯಾಂಡ್ ಸೆಟ್‌ನ ಟ್ರಂಪೆಟ್‌ನವರದ್ದು. ನನಗೆ ಹತ್ತೋ ಹನ್ನೊಂದೋ ವರ್ಷ. ರಾತ್ರಿ ವರಪೂಜೆಯ ಮೆರವಣಿಗೆ, ಎರಡು ಗಂಟೆ ಬಿಡದೆ ಊದಿದ್ದರು. ಗ್ಯಾಸ್ ಲೈಟ್ ಬೆಳಕಿನಲ್ಲಿ ದೊಡ್ಡವರು ನೋಟು ತೂಗಾಡಿಸಿ "ಏಯ್, ಇನ್ನೊಂದು ಊದೋ" ಅನ್ನುತ್ತಿದ್ದರು. ಕುಣಿದವರೆಲ್ಲ ಒಳಗೆ ಊಟಕ್ಕೆ ಹೋದರು. ಅವರು ಛತ್ರದ ಹಿಂದಿನ ನಲ್ಲಿಯ ಹತ್ತಿರ ಕುಕ್ಕರಗಾಲಲ್ಲಿ ಕೂತು ತುಟಿಗೆ ತಣ್ಣೀರು ಹಾಕಿಕೊಳ್ಳುತ್ತಿದ್ದರು. ತುಟಿಯ ಮೇಲೆ ದುಂಡಗೆ ಒಂದು ಕೆಂಪು ಗುರುತು, ಬಳೆ ಒತ್ತಿದ ಹಾಗೆ. ನಡುವೆ ಚರ್ಮ ಬಿಳಿಚಿಕೊಂಡಿತ್ತು. ನನ್ನನ್ನು ನೋಡಿ ನಕ್ಕರು. ನಗುವಾಗ ನೋವಾಯಿತೇನೋ, ತಕ್ಷಣ ಕೈ ಅಡ್ಡ ಹಿಡಿದರು. ಬ್ಯಾಂಡಿನವರಿಗೆ ಊಟ ಕೊನೆಯ ಪಂಕ್ತಿ ಎದ್ದ ಮೇಲೆ, ಅದೂ ಹೊರಗೆ.

ಲಂಡನ್ ಅಂದೆನಲ್ಲ. ಅಲ್ಲಿಗೆ ಆರ್ಮ್‌ಸ್ಟ್ರಾಂಗ್ ಮೊದಲ ಸಲ ಹೋದದ್ದು 1932ರಲ್ಲಿ, ಪಲೇಡಿಯಂ ಥಿಯೇಟರ್‌ಗೆ. ಅಲ್ಲಿ ಕೇಳುಗರು ಎರಡು ಪಾಲಾದರು. ಸಂಗೀತಗಾರರು ಬಾಯಿ ಬಿಟ್ಟುಕೊಂಡು ಕೂತರು. ಬೇರೆ ಕೆಲವರು ನಡುವೆಯೇ ಎದ್ದು ಹೋದರು. ಇಂಥದ್ದು ಸಾಧ್ಯವೇ ಇಲ್ಲ, ವಾದ್ಯದಲ್ಲೇ ಏನೋ ಕೈಚಳಕ ಇದೆ ಅಂತ ಕೆಲವು ಊದುಗರು ಅವರ ಟ್ರಂಪೆಟ್ ಈಸಿಕೊಂಡು ತಿರುಗಿಸಿ ಮುರುಗಿಸಿ ನೋಡಿದರು ಎಂಬ ಮಾತೂ ಇದೆ. ಅದಕ್ಕೆ ಹೋಲಿಸಿದರೆ ರೆಕ್ಸ್ ಸ್ಟೂವರ್ಟ್ ಎಂಬ ಇನ್ನೊಬ್ಬ ಊದುಗರು ನನಗೆ ಹೆಚ್ಚು ಹತ್ತಿರದವರು. 1924ರಲ್ಲಿ ಆರ್ಮ್‌ಸ್ಟ್ರಾಂಗ್ ನ್ಯೂಯಾರ್ಕಿಗೆ ಬಂದಾಗ ಈ ಹುಡುಗ ಅವರ ಹಾಗೆ ನಡೆಯಲು, ಅವರ ಹಾಗೆ ಮಾತಾಡಲು, ತಿನ್ನಲು, ಮಲಗಲು ಕೂಡ ಪ್ರಯತ್ನಪಟ್ಟನಂತೆ. ಅವರು ಹಾಕುತ್ತಿದ್ದಂಥ ಪೊಲೀಸ್ ಬೂಟನ್ನೂ ಕೊಂಡನಂತೆ. ಪ್ರೀತಿಗೆ ಎಲ್ಲಿ ಹಿಡಿಯಬೇಕು ಅಂತ ಗೊತ್ತಾಗದಿದ್ದಾಗ ಬೂಟನ್ನಾದರೂ ಹಿಡಿಯುತ್ತದೆ. ಆಮೇಲೆ ಸ್ಟೂವರ್ಟ್ ತಮ್ಮದೇ ದನಿ ಇರುವ ದೊಡ್ಡ ವಾದಕರಾದರು.

ಇಷ್ಟೆಲ್ಲ ಓದುತ್ತಾ ಹೋದಾಗ ನನ್ನನ್ನು ಹಿಡಿದು ನಿಲ್ಲಿಸಿದ್ದು ಟೆಕ್ಸಾಸ್‌ನ ಒಂದು ರಾತ್ರಿ.

1931ರ ಅಕ್ಟೋಬರ್. ಆಸ್ಟಿನ್ ಊರಿನ ಡ್ರಿಸ್ಕಿಲ್ ಹೋಟೆಲ್. ಚಾರ್ಲ್ಸ್ ಬ್ಲ್ಯಾಕ್ ಎಂಬ 16 ವರ್ಷದ ಬಿಳಿ ಹುಡುಗ ಅಲ್ಲಿಗೆ ಹೋದ. ಕಾಲೇಜಿಗೆ ಆಗಷ್ಟೇ ಸೇರಿದ್ದ. ಆರ್ಮ್‌ಸ್ಟ್ರಾಂಗ್ ಯಾರು ಅಂತ ಅವನಿಗೆ ಗೊತ್ತಿರಲಿಲ್ಲ. ಡ್ಯಾನ್ಸ್ ಇದೆ, ಹುಡುಗಿಯರು ಬರುತ್ತಾರೆ, ಅದಕ್ಕೆ ಹೋದದ್ದು. ಆ ಊರು, ಆ ಕಾಲ ಹೇಗಿತ್ತು ಅಂದರೆ, ಬಿಳಿಯರ ಮಕ್ಕಳಿಗೆ ಒಂದು ಶಾಲೆ, ಕಪ್ಪು ಜನರ ಮಕ್ಕಳಿಗೆ ಬೇರೆ ಶಾಲೆ. ತಲೆ ನರೆತ ಕಪ್ಪು ಮುದುಕರನ್ನೂ ಮೀಸೆ ಮೂಡದ ಬಿಳಿ ಹುಡುಗರು ‘ಏ ಹುಡುಗ’ ಅಂತ ಕರೆಯುತ್ತಿದ್ದರು. ಕಪ್ಪು ಮನುಷ್ಯ ಅಂದರೆ ಅವನು ಕಂಡಿದ್ದು ಬರೀ ಕೆಲಸದವರನ್ನು.

ಆರ್ಮ್‌ಸ್ಟ್ರಾಂಗ್ ಕಣ್ಣು ಮುಚ್ಚಿಕೊಂಡು ನುಡಿಸುತ್ತಿದ್ದರು. ಹುಡುಗ ಅಲ್ಲೇ ನಿಂತುಬಿಟ್ಟ. ತಾನು ಜೀವನದಲ್ಲಿ ಕಂಡ ಮೊದಲ ಪ್ರತಿಭಾವಂತ ಈ ಮನುಷ್ಯ ಅಂತ ಅವನಿಗೆ ಅಲ್ಲೇ ಗೊತ್ತಾಯಿತು. ಈ ಮನುಷ್ಯ ಕಪ್ಪಗಿದ್ದಾರೆ ಅನ್ನುವುದೂ ಕಣ್ಣೆದುರಿಗೇ ಇತ್ತು. ಎರಡೂ ನಿಜವಾದರೆ ಮನೆಯಲ್ಲಿ, ಬೀದಿಯಲ್ಲಿ, ಶಾಲೆಯಲ್ಲಿ ಇಷ್ಟು ವರ್ಷ ಕಲಿತದ್ದು ನಿಜವಾಗಿರಲು ಹೇಗೆ ಸಾಧ್ಯ?

ಅವನ ಪಕ್ಕದಲ್ಲಿ ಇನ್ನೊಬ್ಬ ಹುಡುಗ ನಿಂತಿದ್ದ. ಹೈಸ್ಕೂಲಿನ ಪರಿಚಯದವನು, ಒಳ್ಳೆಯ ಹುಡುಗ ಅಂತಲೇ ಬ್ಲ್ಯಾಕ್ ಬರೆಯುತ್ತಾರೆ. ಅವನೂ ತುಂಬಾ ಹೊತ್ತು ಕೇಳಿದ. ಅವನಿಗೂ ಏನೋ ಆಗಿತ್ತು. ಆಮೇಲೆ ಏನನ್ನೋ ಕೊಡವಿಕೊಳ್ಳುವ ಹಾಗೆ ತಲೆ ಕೊಡವಿದ. ಕಪ್ಪು ಜನರಿಗೆ ಬಳಸುವ ಆ ಹೊಲಸು ಪದ ಬಳಸಿ, ಎಷ್ಟಾದರೂ ಇವನು ಅದೇ ತಾನೇ ಅಂದ.

ಈ ಎರಡನೆಯ ಹುಡುಗನ ಬಗ್ಗೆ ನಾನು ಬ್ಲ್ಯಾಕ್‌ಗಿಂತ ಹೆಚ್ಚು ಯೋಚಿಸಿದ್ದೇನೆ. ಏನೂ ಕೇಳಿಸದೆ ಇದ್ದಿದ್ದರೆ ಅವನು ತಲೆ ಕೊಡವಬೇಕಾಗಿರಲಿಲ್ಲ. ಕೇಳಿಸಿತ್ತು. ಅದೇ ಟ್ರಂಪೆಟ್, ಅದೇ ಸ್ವರ, ಅದೇ ಜಾಗ. ಕೇಳಿಸಿದ್ದನ್ನು ಒಪ್ಪಿಕೊಂಡರೆ ಅದರ ಹಿಂದೆ ಇನ್ನೂ ಎಷ್ಟನ್ನೋ ಒಪ್ಪಿಕೊಳ್ಳಬೇಕಾಗುತ್ತಿತ್ತು. ಅದಕ್ಕೆ ಅವನು ತಯಾರಿರಲಿಲ್ಲ. ಸಂಗೀತ ಮನುಷ್ಯರನ್ನು ಬದಲಾಯಿಸುತ್ತದೆ ಅಂತ ಸುಮ್ನೆ ಹೇಳಿಬಿಡುತ್ತೇವೆ. ಆಸ್ಟಿನ್‌ನಲ್ಲಿ ಅವತ್ತು ಅದು ಬಂದು ಬಾಗಿಲು ತಟ್ಟಿತು, ಅಷ್ಟೇ. ಒಬ್ಬ ತೆರೆದ. ಒಬ್ಬ ಒಳಗಿನಿಂದ ಚಿಲಕ ಹಾಕಿಕೊಂಡ.

ತೆರೆದವರ ಕಥೆ ದಾಖಲೆಯಲ್ಲಿದೆ. ಚಾರ್ಲ್ಸ್ ಬ್ಲ್ಯಾಕ್ ಕಾನೂನು ಓದಿದರು, ಸಂವಿಧಾನದ ದೊಡ್ಡ ವಿದ್ವಾಂಸರಾದರು, ಕೊಲಂಬಿಯಾ ಮತ್ತು ಯೇಲ್ ವಿಶ್ವವಿದ್ಯಾಲಯಗಳಲ್ಲಿ ಪಾಠ ಮಾಡಿದರು. ಬಣ್ಣದ ಆಧಾರದ ಮೇಲೆ ಶಾಲೆಗಳನ್ನು ಬೇರೆ ಇಡುವುದು ತಪ್ಪು ಅಂತ ಅಮೆರಿಕದ ಸುಪ್ರೀಂ ಕೋರ್ಟ್ 1954ರಲ್ಲಿ ತೀರ್ಪು ಕೊಟ್ಟಿತಲ್ಲ, ಬ್ರೌನ್ ಮೊಕದ್ದಮೆ, ಆ ವಾದವನ್ನು ಸಿದ್ಧಪಡಿಸಿದ ವಕೀಲರಿಗೆ ನೆರವಾದವರಲ್ಲಿ ಅವರೂ ಒಬ್ಬರು. ಆ ಕಡೆ ತಾನು ನಡೆಯಲು ಶುರುಮಾಡಿದ್ದು ಆ ಹೋಟೆಲಿನ ರಾತ್ರಿಯಿಂದ ಅಂತ ಅವರು ಬರೆದುಕೊಂಡರು. ಪ್ರತಿ ವರ್ಷ ಒಂದು ಸಂಜೆ ವಿದ್ಯಾರ್ಥಿಗಳನ್ನು ಕೂರಿಸಿಕೊಂಡು ಆರ್ಮ್‌ಸ್ಟ್ರಾಂಗ್ ರೆಕಾರ್ಡ್‌ಗಳನ್ನು ಕೇಳಿಸುತ್ತಿದ್ದರು. ಕಾನೂನು ಮೇಷ್ಟ್ರು, ಟ್ರಂಪೆಟ್ ರೆಕಾರ್ಡ್. ಅವರು ತೀರಿಕೊಂಡದ್ದು 2001ರಲ್ಲಿ.

ಈ ಕಥೆಯನ್ನು ನಾನು ಮಾವನಿಗೂ ಹೇಳಿದೆ. ಅದೇ ಭಾನುವಾರ ಅಲ್ಲ, ಮುಂದೆ ಯಾವತ್ತೋ. ಅಷ್ಟರಲ್ಲಿ ‘ವೆಸ್ಟ್ ಎಂಡ್ ಬ್ಲೂಸ್’ ಅವರಿಗೂ ಹಿಡಿಸಿತ್ತು. "ಹಾಕು ಅದನ್ನ ಇನ್ನೊಂದ್ಸಲ" ಅನ್ನುತ್ತಿದ್ದರು. ಅದರ ಕೊನೆಯ ಸುತ್ತಿನಲ್ಲಿ ಟ್ರಂಪೆಟ್ ಒಂದೇ ಸ್ವರ ಹಿಡಿದು ಹತ್ತು ಸೆಕೆಂಡಿಗೂ ಮೀರಿ ಅಲುಗದೆ ನಿಲ್ಲುತ್ತದೆ. ಕೆಳಗೆ ಪಿಯಾನೋ ನಡೆಯುತ್ತಿರುತ್ತದೆ, ಮೇಲೆ ಇದು ದೀಪದ ಕುಡಿಯ ಹಾಗೆ. ಮಾವ ಅದಕ್ಕೆ "ಪಂಚಮ" ಅಂದರು. ಸರಿಯಾಗಿಯೇ ಹೇಳಿದರು, ಆ ಹಾಡಿನ ಷಡ್ಜಕ್ಕೆ ಅದು ಪಂಚಮವೇ. ಆಮೇಲೆ ಲೊಚ್ ಅಂದರು. ನನಗೆ ಎಷ್ಟು ಸಂತೋಷವಾಯಿತು ಅಂದರೆ, ನಾನೇ ನುಡಿಸಿದ ಹಾಗೆ.

ಎರಡನೆಯ ಹುಡುಗ ತಲೆ ಕೊಡವಿದ್ದನ್ನು ಹೇಳಿದಾಗ ಮಾತ್ರ ಅವರು ಏನೂ ಅನ್ನಲಿಲ್ಲ. ಕಿಟಕಿಯ ಆಚೆ ನೋಡುತ್ತಿದ್ದರು. ಸ್ವಲ್ಪ ಹೊತ್ತಾದ ಮೇಲೆ ಒಳಗಿದ್ದ ಅಮ್ಮನನ್ನು ಕರೆದರು. "ಅಕ್ಕಾ, ನಿನ್ನ ಮದುವೆಗೆ ವಾಲಗ ನುಡಿಸೋಕೆ ಬಂದಿದ್ದನಲ್ಲ, ಅವನ ಹೆಸರೇನು?"

ಅಮ್ಮನಿಗೆ ನೆನಪಿರಲಿಲ್ಲ. ದೊಡ್ಡಮ್ಮನಿಗೆ ಫೋನ್ ಮಾಡಿ ಕೇಳಿದರು. ಅವರಿಗೂ ಗೊತ್ತಿಲ್ಲ. ‘ವಾಲಗದವನು’ ಅಂತಲೇ ಎಲ್ಲರ ಬಾಯಲ್ಲಿ. ಅಡುಗೆಗೆ ಯಾರು ಬಂದಿದ್ದರು, ಪುರೋಹಿತರು ಯಾರು, ಧಾರೆ ಸೀರೆ ಯಾವ ಅಂಗಡಿಯದು, ಎಲ್ಲಾ ನೆನಪಿದೆ. ಅಮ್ಮ ಬೀರುವಿನಿಂದ ಮದುವೆಯ ಆಲ್ಬಮ್ ತಂದು ಹರಡಿದರು. ಕಪ್ಪು ಬಿಳುಪು ಫೋಟೋಗಳು, ನಡುವೆ ಬೆಣ್ಣೆ ಕಾಗದ. ಒಂದೊಂದಾಗಿ ತಿರುಗಿಸಿದೆವು. ಧಾರೆಯ ಫೋಟೋದಲ್ಲಿ ಸಿಕ್ಕಿತು. ಎಡಗಡೆಯ ಅಂಚಿನಲ್ಲಿ ನಾಗಸ್ವರದ ತುದಿಯ ಅಣಸು, ಅದನ್ನು ಹಿಡಿದ ಎಡಗೈ, ಗಾಳಿ ತುಂಬಿ ಉಬ್ಬಿದ ಅರ್ಧ ಕೆನ್ನೆ. ಉಳಿದದ್ದು ಫೋಟೋದ ಆಚೆ.

ಮಾವ ಕನ್ನಡಕ ತೆಗೆದು ಫೋಟೋವನ್ನು ಕಣ್ಣಿನ ಹತ್ತಿರ ಹಿಡಿದರು.

"ಎಂಥಾ ಖರಹರಪ್ರಿಯ ನುಡಿಸಿದ್ದ ಅವತ್ತು" ಅಂದರು. "ಊಟಕ್ಕೆ ಎಲೆ ಹಾಕಿದ್ದರೂ ನಾನು ಎದ್ದಿರಲಿಲ್ಲ."

ಫೋಟೋ ಕೆಳಗಿಡಲಿಲ್ಲ. ಬಲಗೈ ತೊಡೆಯ ಮೇಲೆ ಸುಮ್ಮನಿತ್ತು.

"ನುಡಿಸಿದ್ರು" ಅಂದರು.